ಗೋಪುರದ ದನಿ: ಮುಷ್ಕರ ಹೂಡಲಾರದವರಿಗೆ ಸಲ್ಲಬೇಕಾದ ನ್ಯಾಯ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಪಂಪನ ವಿಚಾರವನ್ನೋ ದಾಸಸಾಹಿತ್ಯದ ವಿಚಾರವನ್ನೋ ಕೇಳಿ ರೂಢಿಯಾಗಿರುವ ತಮಗೆ, ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತವರ ಸಂಬಳದ ಪ್ರಶ್ನೆಯನ್ನು ನಾನು ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡದ್ದು ವಿಚಿತ್ರವಾಗಿ ಕಂಡೀತು. ಕಾರಣವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

2025ರ ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವದ ಸಮಾರಂಭ ಮುಗಿದು ಎಲ್ಲರೂ ಕಾಫಿಯ ಲೋಟ ಹಿಡಿದು ನಿಂತಿದ್ದೆವು. ಅಮೆರಿಕೆಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದ ನಮ್ಮ ಸದಸ್ಯ ದಂಪತಿಗಳು ಚಿಂತೆಯಲ್ಲಿದ್ದರು. ಆ ದೇಶದ ಆಯವ್ಯಯಕ್ಕೆ ಅಲ್ಲಿನ ಸಂಸತ್ತಿನ ಒಪ್ಪಿಗೆ ದೊರೆಯದೆ ಅಕ್ಟೋಬರ್ 1ರಿಂದ ಸರ್ಕಾರದ ಆಡಳಿತ ಸ್ಥಗಿತಗೊಂಡಿತ್ತು. ವಾಯುಸಂಚಾರ ನಿಯಂತ್ರಣಾಧಿಕಾರಿಗಳು ಸಂಬಳವಿಲ್ಲದೆಯೇ ಕೆಲಸಕ್ಕೆ ಬರಬೇಕಾಗಿತ್ತು. ದಿನಗಳು ಉರುಳಿದಂತೆ ಬಾರದವರ ಸಂಖ್ಯೆ ಹೆಚ್ಚಿ, 40 ಪ್ರಮುಖ ನಿಲ್ದಾಣಗಳಲ್ಲಿ ಹಾರಾಟಗಳನ್ನೇ ಕಡಿತ ಮಾಡುವ ಆಜ್ಞೆ ಹೊರಟಿತು. ನಮ್ಮಲ್ಲೊಬ್ಬ ಮಿತ್ರರು, "ಜನರ ಪ್ರಾಣ ಕೈಯಲ್ಲಿರುವವರು ಹೀಗೆ ಮಾಡಬಹುದೆ?" ಎಂದು ಸಿಡುಕಿದರು. ಮತ್ತೊಬ್ಬರು, "ಸಂಬಳ ಕೊಡದೆ ದುಡಿಸಿಕೊಳ್ಳಬಹುದೆ?" ಎಂದು ಮರುಪ್ರಶ್ನೆ ಹಾಕಿದರು. ಕಾಫಿ ತಣ್ಣಗಾಯಿತು, ಪ್ರಶ್ನೆ ತಣ್ಣಗಾಗಲಿಲ್ಲ. ಆ ಎರಡು ಪ್ರಶ್ನೆಗಳೂ ನ್ಯಾಯವಾದವೇ ಎಂಬುದು ನನ್ನ ಅಭಿಮತ. ಎರಡನ್ನೂ ಒಟ್ಟಿಗೆ ಕೇಳುವ ಅಭ್ಯಾಸ ನಮಗಿಲ್ಲ ಎಂಬುದೇ ಇಂದಿನ ನನ್ನ ಅಳಲು.

ಇಲ್ಲಿ ಒಂದು ಮಾತು. ನಾನು ಕೇಂದ್ರ ಸರ್ಕಾರದ ಅಧಿಕಾರಿ. ನಿವೃತ್ತಿಗೆ ಇನ್ನು ಕೆಲವು ವರ್ಷಗಳಿವೆ. 1964ರ ನಡತೆಯ ನಿಯಮಗಳಲ್ಲಿ 7ನೆಯದು ನನ್ನಂಥವರು ಮುಷ್ಕರ ಹೂಡಬಾರದೆಂದೂ, ಅದಕ್ಕೆ ಪ್ರೇರಣೆ ಕೊಡಬಾರದೆಂದೂ ವಿಧಿಸುತ್ತದೆ. ಆದ್ದರಿಂದ ನಾನು ಯಾರನ್ನೂ ಮುಷ್ಕರಕ್ಕೆ ಪ್ರಚೋದಿಸಲು ನಿಂತಿಲ್ಲ. ಇಲ್ಲಿ ಆಡುವುದೆಲ್ಲ ನನ್ನ ಸ್ವಂತ ವಿವೇಚನೆಯೇ ಹೊರತು ನಾನು ಸೇವೆಯಲ್ಲಿರುವ ಇಲಾಖೆಯ ನಿಲುವಲ್ಲ.

ಮೊದಲು ಆ ಕೆಲಸ ಎಂಥದೆಂದು ನೋಡೋಣ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ತಂದ ಕಥೆ ಎಲ್ಲರಿಗೂ ಗೊತ್ತು. ಆ ಅಂಚೆಯ ಮುಂದಿನ ದಾರಿ ನಮ್ಮ ಬಳ್ಳಾರಿಯ ಮೂಲಕ ಈ ಮದರಾಸಿಗೆ ಬಂದಿತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮುಂಬಯಿಯಿಂದ ಅದನ್ನು ತಂದವರು ನೆವಿಲ್ ವಿನ್ಸೆಂಟ್. ಆ ಪುಟ್ಟ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲದಿಂದ ದಾರಿ ಹೇಳುವವರೂ ಇರಲಿಲ್ಲ. ಆಕಾಶದಲ್ಲಿ ಒಂದೇ ವಿಮಾನವಿದ್ದಾಗ ದಾರಿ ಬಿಡುವ ಪ್ರಶ್ನೆಯೇ ಏಳುವುದಿಲ್ಲವಷ್ಟೆ.

ಇಂದು ಭಾರತದ ಆಕಾಶವನ್ನು ದೆಹಲಿ, ಮುಂಬಯಿ, ಕೊಲ್ಕತ್ತ, ಚೆನ್ನೈ ಎಂಬ 4 ಪ್ರಮುಖ ವಲಯಗಳಾಗಿ ಹಂಚಿದೆ. ಚೆನ್ನೈ ವಲಯ ಬಂಗಾಳ ಕೊಲ್ಲಿಯ ಮೇಲೆ ಬಹುದೂರ ಚಾಚಿಕೊಂಡಿದೆ. ಇತ್ತ ನಮ್ಮ ಬೆಂಗಳೂರು, ಮಂಗಳೂರುಗಳೂ ಈ ವಲಯಕ್ಕೇ ಸೇರಿವೆ. 1956ರಲ್ಲಿ ನೆಲದ ಮೇಲೆ ಎಳೆದ ಗೆರೆ ಆಕಾಶದಲ್ಲಿಲ್ಲ ಎಂದು ನಾನು ಗೆಳೆಯರೊಡನೆ ಹಾಸ್ಯ ಮಾಡುವುದುಂಟು. ತಿರುಸೂಲಂ ಸ್ಟೇಷನ್ನಿನಲ್ಲಿ ಇಳಿದು ಜಿಎಸ್‌ಟಿ ರಸ್ತೆಯ ಕಡೆ ನೋಡಿದರೆ ಎದುರಿಗೇ ಮೀನಂಬಾಕ್ಕಮ್ ನಿಲ್ದಾಣ. ಅಲ್ಲಿನ ಗೋಪುರ ನಮ್ಮ ಕಣ್ಣಿಗೆ ಬೀಳುತ್ತದೆ. ರೇಡಾರಿನ ಪರದೆಯ ಮುಂದೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕುಳಿತವರು ಮಾತ್ರ ಕಾಣುವುದಿಲ್ಲ.

ಅವರು ಕಾಯುವ ಅಂತರಗಳನ್ನು ಗಮನಿಸಿ. ದೂರದ ಮಾರ್ಗಗಳಲ್ಲಿ ಒಂದು ವಿಮಾನದ ಮೇಲೆ ಇನ್ನೊಂದು ಹಾಯುವಾಗ 1,000 ಅಡಿ. ಒಂದೇ ಮಟ್ಟದಲ್ಲಿದ್ದರೆ, ರೇಡಾರಿನ ನೆರವಿದ್ದಾಗ, ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಎಂದರೆ 9 ಕಿಲೋಮೀಟರಿಗೆ ತುಸು ಹೆಚ್ಚು. ಅದು ಬಹಳ ದೂರವೆಂದು ತೋರುತ್ತದೆ. ಆದರೆ ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾಗಿ ಬಂದರೆ ಆ ಅಂತರ ಇಪ್ಪತ್ತು ಸೆಕೆಂಡಿನೊಳಗೆ ಕರಗಿಹೋಗುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ನಮ್ಮ ಗಾದೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಮಾತೇ ಪ್ರಾಣ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆದುದನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಯವರೆಗೆ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿಯವರೆಗೆ ಮಾತ್ರ ಅಪ್ಪಣೆಯಿತ್ತು. ಎರಡನೆಯದು ಅಪ್ಪಣೆ ಮೀರಿ ಇಳಿಯಿತು. 349 ಜೀವಗಳು ಹೋದವು. ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆ ಆ ಅಪ್ಪಣೆ ಮೀರಿದ ಇಳಿತವೇ ಮೂಲಕಾರಣವೆಂದು ನಿರ್ಣಯಿಸಿತು. ನಿಯಂತ್ರಣಾಧಿಕಾರಿ ಹೇಳಬೇಕಾದುದನ್ನು ಹೇಳಿದ್ದರು. ಆದರೆ ಅಂದು ದೆಹಲಿಯಲ್ಲಿದ್ದ ರೇಡಾರು ವಿಮಾನ ಎಲ್ಲಿದೆಯೆಂದು ತೋರಿಸುತ್ತಿತ್ತೇ ವಿನಾ ಎಷ್ಟು ಎತ್ತರದಲ್ಲಿದೆಯೆಂದು ತೋರಿಸುತ್ತಿರಲಿಲ್ಲ. ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ದಾರಿ ಒಂದೇ ಆಗಿತ್ತು. ಬೇರೆ ದಾರಿ, ಎತ್ತರ ತೋರಿಸುವ ರೇಡಾರು, ವಿಮಾನದೊಳಗೇ ಎಚ್ಚರಿಸುವ ಯಂತ್ರ, ಇವೆಲ್ಲ ಕಡ್ಡಾಯವಾದದ್ದು ಅನಂತರ. ತಪ್ಪಿಲ್ಲದವನೂ ಪರದೆಯಿಂದ ಎರಡು ಚುಕ್ಕೆಗಳು ಮರೆಯಾಗುವುದನ್ನು ನೋಡಬೇಕಾಗಿ ಬರುವ ಉದ್ಯೋಗ ಅದು.

ದಣಿವಿನ ಮಾತನ್ನೂ ಇದಕ್ಕೆ ಸೇರಿಸಬೇಕು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನ ಸತ್ತ ದುರಂತದ ವಿಚಾರಣೆಯಲ್ಲಿ, ಹಾರಾಟದ ಬಹುಭಾಗ ನಿದ್ರಿಸಿದ್ದ ಮುಖ್ಯ ಚಾಲಕರ ನಿದ್ದೆಯ ಮಂಪರು ಪೂರ್ತಿ ತಿಳಿಯಾಗಿರಲಿಲ್ಲವೆಂಬ ಅಂಶ ಹೊರಬಂತು. ರಾತ್ರಿಪಾಳಿಯ ಮಂಪರು ಚಾಲಕನನ್ನು ಮಾತ್ರ ಹಿಡಿದು ನಿಯಂತ್ರಣಾಧಿಕಾರಿಯನ್ನು ಬಿಡುವುದಿಲ್ಲ. 2025ರಲ್ಲಿ ವಿಮಾನ ಸುರಕ್ಷತೆಯನ್ನು ಪರಿಶೀಲಿಸಿದ ಸಂಸದೀಯ ಸ್ಥಾಯೀ ಸಮಿತಿ ಈ ಅಧಿಕಾರಿಗಳ ಸಂಖ್ಯೆ ಸಾಲದಿರುವುದನ್ನೂ ಅವರ ಆಯಾಸವನ್ನೂ ಎತ್ತಿ ಹೇಳಿದೆ.

ಇನ್ನು ಇವರ ಸಂಬಳವನ್ನು ನಿರ್ಧರಿಸುವವರು ಯಾರು? 1986ರವರೆಗೆ ಇವರು ನನ್ನಂತೆಯೇ ನೇರವಾಗಿ ಸರ್ಕಾರದ ನೌಕರರು. ಆ ವರ್ಷ ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಬಂತು. 1995ರ ಏಪ್ರಿಲ್ 1ರಂದು ಈಗಿನ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ರೂಪುಗೊಂಡಿತು. ಅಲ್ಲಿಂದ ಮುಂದೆ ಇವರು ಸಾರ್ವಜನಿಕ ಉದ್ಯಮದ ಅಧಿಕಾರಿಗಳು. ಇಂಥ ಅಧಿಕಾರಿಗಳ ವೇತನವನ್ನು ಪರಿಷ್ಕರಿಸಲು ಹತ್ತು ವರ್ಷಕ್ಕೊಮ್ಮೆ ಸಮಿತಿ ಕೂರುತ್ತದೆ. 1997ರ ಪರಿಷ್ಕರಣೆಗೆ ನ್ಯಾಯಮೂರ್ತಿ ಮೋಹನ್, 2007ರದಕ್ಕೆ ನ್ಯಾಯಮೂರ್ತಿ ಜಗನ್ನಾಥ ರಾವ್, 2017ರದಕ್ಕೆ ನ್ಯಾಯಮೂರ್ತಿ ಸತೀಶ್ ಚಂದ್ರ ಅವರು ಸಮಿತಿಗಳ ಅಧ್ಯಕ್ಷರಾಗಿದ್ದರು. ಸಮಿತಿಯ ವರದಿಯ ಮೇಲೆ ಸರ್ಕಾರ ಮಾರ್ಗಸೂಚಿ ಹೊರಡಿಸುತ್ತದೆ. ಕಲ್ಲಿದ್ದಲಿನ ಅಧಿಕಾರಿ, ಉಕ್ಕಿನ ಅಧಿಕಾರಿ, ಆಕಾಶ ಕಾಯುವ ಅಧಿಕಾರಿ, ಎಲ್ಲರಿಗೂ ಬಹುಮಟ್ಟಿಗೆ ಒಂದೇ ಅಚ್ಚಿನ ಶ್ರೇಣಿ, ವ್ಯತ್ಯಾಸವೇನಿದ್ದರೂ ಭತ್ಯೆಗಳಲ್ಲಿ.

ನನ್ನ ವಾದಕ್ಕೆ ಮುಖ್ಯವಾದ ಸಂಗತಿ ಇದು. ಬೇರೆ ದೇಶಗಳಲ್ಲಿ ಸಂಬಳದ ಪ್ರಸ್ತಾವವನ್ನು ಮೇಜಿನ ಮೇಲಿಟ್ಟು, ನೌಕರರ ಸಂಘ ಅದನ್ನು ಮತಕ್ಕೆ ಹಾಕಿ, ಒಪ್ಪುವುದೋ ಮುಷ್ಕರಕ್ಕೆ ಹೊರಡುವುದೋ ಎಂದು ತೂಗಿ ನೋಡುತ್ತದೆ. ನಮ್ಮಲ್ಲಿ ಕಾರ್ಮಿಕ ದರ್ಜೆಯವರೊಡನೆ ಮಾತುಕತೆಯುಂಟು. ಅಧಿಕಾರಿ ದರ್ಜೆಯವರಿಗೆ ಬರುವುದು ಮಾರ್ಗಸೂಚಿ. ಸರ್ಕಾರಿ ನೌಕರರಿಗಾಗಿ 1966ರಲ್ಲಿ ಏರ್ಪಟ್ಟ ಜಂಟಿ ಸಮಾಲೋಚನಾ ವ್ಯವಸ್ಥೆ ನಿಗಮಕ್ಕೆ ಹೋದ ಇವರಿಗಿಲ್ಲ. ಹಾಗೆಂದು ಕಾರ್ಮಿಕ ನ್ಯಾಯಾಧಿಕರಣಕ್ಕೆ ಹೋಗೋಣವೆಂದರೆ, ಮೇಲ್ವಿಚಾರಣೆಯ ಹುದ್ದೆ, ಸಂಬಳದ ಮಿತಿ ಎಂಬ ಕಾರಣಗಳಿಂದ 'ಕೆಲಸಗಾರ' ಎಂಬ ಪದದ ಅರ್ಥದೊಳಗೆ ಇವರು ಸುಲಭವಾಗಿ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ.

ಇಷ್ಟಾದರೂ ಇವರು ದಾರಿ ತಪ್ಪಿದರೆ? 2006ರ ಫೆಬ್ರವರಿಯಲ್ಲಿ ದೆಹಲಿ, ಮುಂಬಯಿ ನಿಲ್ದಾಣಗಳನ್ನು ಖಾಸಗಿಯವರಿಗೆ ವಹಿಸುವುದನ್ನು ವಿರೋಧಿಸಿ ಪ್ರಾಧಿಕಾರದ ನೌಕರರು 4 ದಿನ ಮುಷ್ಕರ ಹೂಡಿದರು. ನಿಲ್ದಾಣಗಳಲ್ಲಿ ಕಸ ರಾಶಿಬಿದ್ದು ನಾರಿತು. ವಿಮಾನಗಳು ಮಾತ್ರ ಹಾರುತ್ತಲೇ ಇದ್ದವು. ಏಕೆಂದರೆ ನಿಯಂತ್ರಣಾಧಿಕಾರಿಗಳು ತಮ್ಮ ಪೀಠ ಬಿಟ್ಟು ಏಳಲಿಲ್ಲ. ನಾವು ಅದನ್ನು ಗಮನಿಸಲೂ ಇಲ್ಲ. ನಾರುವ ಕಸ ಸುದ್ದಿಯಾಯಿತು, ನಿಲ್ಲದ ದನಿ ಸುದ್ದಿಯಾಗಲಿಲ್ಲ.

ಬಂಧುಗಳೇ, ಮುಷ್ಕರ ಎಂಬ ಮಾತಿಗೂ ನಾವು ನೆಲೆಸಿರುವ ಈ ಊರಿಗೂ ಹಳೆಯ ನಂಟಿದೆ. 1918ರ ಏಪ್ರಿಲ್ 27ರಂದು ಪೆರಂಬೂರಿನಲ್ಲಿ ಬಿ.ಪಿ. ವಾಡಿಯಾ ಅವರು, ತಿರು. ವಿ. ಕಲ್ಯಾಣಸುಂದರ ಮೊದಲಿಯಾರ್ ಮೊದಲಾದವರ ಜೊತೆಗೂಡಿ ಮದರಾಸ್ ಲೇಬರ್ ಯೂನಿಯನ್ ಕಟ್ಟಿದರು. ದೇಶದ ಮೊದಲ ಸುಸಂಘಟಿತ ಕಾರ್ಮಿಕ ಸಂಘ ಅದೇ ಎನ್ನುತ್ತಾರೆ. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರಿಗೆ ಊಟದ ವೇಳೆ ಸಾಲದೆಂಬುದು ಅವರ ಆರಂಭದ ದೂರುಗಳಲ್ಲೊಂದು. ಬಿನ್ನಿ ಕಂಪನಿ ವಾಡಿಯಾ ಅವರ ಮೇಲೆ ನಷ್ಟಪರಿಹಾರದ ದಾವೆ ಹೂಡಿತು. ಮದರಾಸು ಹೈಕೋರ್ಟು ಕಾರ್ಮಿಕರನ್ನು ಪ್ರೇರಿಸದಂತೆ ಅವರಿಗೆ ತಡೆಯಾಜ್ಞೆ ಕೊಟ್ಟಿತು. ಸಂಘ ಕಟ್ಟುವುದೇ ಅಪರಾಧವಾದರೆ ಹೇಗೆಂಬ ಚರ್ಚೆ ಅಲ್ಲಿಂದ ಎದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ಕೊನೆಗೊಂಡಿತು. 1923ರ ಮೇ 1ರಂದು ಸಿಂಗಾರವೇಲರ್ ದೇಶದ ಮೊದಲ ಮೇ ದಿನವನ್ನು ಆಚರಿಸಿದ್ದೂ ಇದೇ ಮದರಾಸಿನಲ್ಲಿ. ಮರೀನಾ ಕಡಲ ದಂಡೆಯಲ್ಲಿ ಬಂಡೆಯನ್ನು ಮೀಟುತ್ತಿರುವ ನಾಲ್ವರು ದುಡಿಮೆಗಾರರ ಪ್ರತಿಮೆಯ ಬಳಿ ನಾವೆಲ್ಲ ಕಡಲೆಕಾಯಿ ತಿಂದವರೇ.

ಕನ್ನಡಿಗರ ಪಾಲೂ ಈ ಚರಿತ್ರೆಯಲ್ಲಿ ಸಣ್ಣದಲ್ಲ. 1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರು. ಮಾತುಕತೆ ಇನ್ನೂ ನಡೆಯುತ್ತಿದ್ದಾಗಲೇ, ಮೇ 2ರಂದು, ಅವರ ಬಂಧನವಾಯಿತು. ಮೇಜಿನ ಮುಂದೆ ಕುಳಿತವನನ್ನು ಸೆರೆಮನೆಗೆ ಕಳಿಸಿದರೆ ಮೇಜು ಯಾತಕ್ಕೆ ಉಳಿಯಿತು?

ಅದಾದ ಏಳು ವರ್ಷಕ್ಕೆ ಬಂದ 1981 ನನ್ನ ಪಾಲಿಗೆ ಮರೆಯಲಾಗದ ವರ್ಷ. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ 1980ರ ಡಿಸೆಂಬರಿನಲ್ಲಿ ತೊಡಗಿದ ಮುಷ್ಕರ 77 ದಿನ ನಡೆದು ಮಾರ್ಚಿನಲ್ಲಿ ಮುಗಿಯಿತು. ಲಕ್ಷಕ್ಕೂ ಮೀರಿದ ಕಾರ್ಮಿಕರು ಹೊರಗಿದ್ದರು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಬೇಕೆಂಬುದು ಬೇಡಿಕೆ. ನಮ್ಮ ತಂದೆಯವರೂ ಅಂಥದೊಂದು ಕಾರ್ಖಾನೆಯಲ್ಲಿದ್ದರು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಮುಂಜಾನೆಯ ಸೈರನ್ನು ನಿಂತುಹೋದದ್ದು ಮೊದಮೊದಲು ರಜೆಯಂತೆ ಕಂಡಿತು. ಆಮೇಲೆ ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕ ದಪ್ಪವಾಯಿತು. ಮನೆಯಲ್ಲಿ ಅನ್ನ ಒಪ್ಪೊತ್ತಿಗೆ ಇಳಿದು ಮುದ್ದೆ ಎರಡೊತ್ತಿಗಾಯಿತು. ಅಮ್ಮನ ಕೈಯ ಎರಡು ಬಳೆಗಳು ಗಿರವಿಗೆ ಹೋದವು. ಮುಷ್ಕರ ಮುಗಿದಾಗ ಕೇಳಿದ ಸಮಾನತೆ ದೊರೆತಿರಲಿಲ್ಲ. ಕೆಲಸಕ್ಕೆ ಮರಳುವ ಹಿಂದಿನ ರಾತ್ರಿ ತಂದೆ ಬೂಟಿಗೆ ಪಾಲಿಶ್ ಹಾಕುತ್ತಾ ನನಗೆ ಒಂದು ಮಾತು ಹೇಳಿದರು: "ಮುಷ್ಕರದ ಹಕ್ಕು ಇರಬೇಕು ಕಣೋ, ಅದನ್ನು ಚಲಾಯಿಸುವ ದಿನ ಮಾತ್ರ ಯಾರಿಗೂ ಬಾರದಿರಲಿ." ಮುಷ್ಕರವನ್ನು ಸುಲಭವಾಗಿ ಹೊಗಳುವವರೂ ಸುಲಭವಾಗಿ ಹಳಿಯುವವರೂ ಆ 77 ದಿನ ನಮ್ಮ ಅಡಿಗೆಮನೆಯಲ್ಲಿ ಇದ್ದಿರಬೇಕಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಅದೇ 1981ರಲ್ಲಿ ನಮ್ಮ ದೇಶದಲ್ಲಿ 'ಎಸ್ಮಾ' ಎಂದು ಹೆಸರಾದ ಅಗತ್ಯ ಸೇವೆಗಳ ಕಾಯ್ದೆ ಬಂತು. ಅದೇ ಆಗಸ್ಟಿನಲ್ಲಿ ಅಮೆರಿಕೆಯ ನಿಯಂತ್ರಣಾಧಿಕಾರಿಗಳ ಮುಷ್ಕರ ನಡೆಯಿತು. ಅವರ ಸಂಘದ ಹೆಸರು ಪ್ಯಾಟ್ಕೊ. ವರ್ಷಕ್ಕೆ 10,000 ಡಾಲರ್ ಹೆಚ್ಚಳ, ವಾರಕ್ಕೆ 32 ಗಂಟೆಗಳ ದುಡಿಮೆ, ಉತ್ತಮ ನಿವೃತ್ತಿ ಸೌಲಭ್ಯ, ಇವು ಅವರ ಬೇಡಿಕೆ. ಸರ್ಕಾರ ಸುಮಾರು 4 ಕೋಟಿ ಡಾಲರಿನ ಪ್ರಸ್ತಾವ ಮುಂದಿಟ್ಟಿತು. ಸಂಘದ ನಾಯಕರು ಮೊದಲು ತಲೆದೂಗಿದರೂ ಸದಸ್ಯರಲ್ಲಿ ನೂರಕ್ಕೆ 95 ಮಂದಿ ಬೇಡವೆಂದು ಮತ ಹಾಕಿದರು. ಆಗಸ್ಟ್ 3ರಂದು ಸುಮಾರು 13,000 ಜನ ಹೊರನಡೆದರು. ಸರ್ಕಾರಿ ನೌಕರರ ಮುಷ್ಕರ ಅಲ್ಲಿ ಕಾನೂನಿಗೆ ವಿರುದ್ಧ. ಅಧ್ಯಕ್ಷ ರೇಗನ್ 48 ಗಂಟೆಗಳ ಗಡುವು ಕೊಟ್ಟು, ಮರಳದ 11,345 ಮಂದಿಯನ್ನು ವಜಾ ಮಾಡಿದರು. ಸ್ವತಃ ಚಿತ್ರನಟರ ಸಂಘದ ಅಧ್ಯಕ್ಷರಾಗಿ 1960ರಲ್ಲಿ ಮುಷ್ಕರ ನಡೆಸಿದ್ದವರು ರೇಗನ್; 1980ರ ಚುನಾವಣೆಯಲ್ಲಿ ಅವರನ್ನು ಬೆಂಬಲಿಸಿದ್ದ ಸಂಘ ಪ್ಯಾಟ್ಕೊ. ಚರಿತ್ರೆಯ ಕುಚೋದ್ಯ ನೋಡಿ.

ಗೆದ್ದವರು ಯಾರು? ಮೇಲ್ವಿಚಾರಕರನ್ನೂ ಸೈನ್ಯದ ನಿಯಂತ್ರಕರನ್ನೂ ಕೂರಿಸಿ ಸರ್ಕಾರ ವಿಮಾನಗಳನ್ನು ಹಾರಿಸಿತು. ಸಂಘದ ಮಾನ್ಯತೆ ರದ್ದಾಯಿತು. ಆದರೆ ತರಬೇತಾದ ಸಾವಿರಾರು ಕಿವಿಗಳನ್ನೂ ಕಣ್ಣುಗಳನ್ನೂ ಮತ್ತೆ ಕಟ್ಟಲು ಹಲವು ವರ್ಷಗಳೇ ಹಿಡಿದವು. ವಜಾ ಆದವರು ಮರಳಿ ಅರ್ಜಿ ಹಾಕಬಾರದೆಂಬ ನಿಷೇಧವನ್ನು ಅಧ್ಯಕ್ಷ ಕ್ಲಿಂಟನ್ ತೆಗೆದದ್ದು 1993ರಲ್ಲಿ. ಅಷ್ಟೇ ಅಲ್ಲ, ಅಲ್ಲಿ ಈ ಕೆಲಸದವರು 56ಕ್ಕೆ ಕಡ್ಡಾಯವಾಗಿ ನಿವೃತ್ತರಾಗಬೇಕು. 1981ರ ನಂತರ ಗುಂಪಾಗಿ ಸೇರಿದವರು ಎರಡು ದಶಕಗಳ ಮೇಲೆ ಗುಂಪಾಗಿಯೇ ಹೊರಬಿದ್ದು ಮತ್ತೊಮ್ಮೆ ಕೊರತೆ ತಲೆದೋರಿತು. ಎರಡು ದಿನದ ಗಡುವಿನ ಬೆಲೆಯನ್ನು ಆ ದೇಶ ಒಂದು ತಲೆಮಾರಿನವರೆಗೆ ತೆತ್ತಿತು.

ಇದು ದೂರದ ದೇಶದ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. 2003ರ ಜುಲೈನಲ್ಲಿ ಇದೇ ಚೆನ್ನೈಯಲ್ಲಿ ನಾವೆಲ್ಲ ಕಣ್ಣಾರೆ ಕಂಡೆವು. ಪಿಂಚಣಿ ಮೊದಲಾದ ಸೌಲಭ್ಯಗಳ ಕಡಿತದ ವಿರುದ್ಧ ತಮಿಳುನಾಡಿನ ಸರ್ಕಾರಿ ನೌಕರರೂ ಶಿಕ್ಷಕರೂ ಮುಷ್ಕರ ಹೂಡಿದರು. ಜಯಲಲಿತಾ ಅವರ ಸರ್ಕಾರ ಸುಮಾರು 1.7 ಲಕ್ಷ ಜನರನ್ನು ಕೆಲಸದಿಂದ ತೆಗೆದುಹಾಕಿತು. ಆಗಸ್ಟ್ 6ರಂದು ಸುಪ್ರೀಂ ಕೋರ್ಟು ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ ಕಾನೂನಿನ ಹಕ್ಕಾಗಲಿ ನೈತಿಕ ಹಕ್ಕಾಗಲಿ ಇಲ್ಲವೆಂದು ತೀರ್ಪಿತ್ತಿತು. ಬಹುಪಾಲು ಜನ ಕ್ಷಮಾಪಣೆ ಬರೆದುಕೊಟ್ಟು ಕೆಲಸಕ್ಕೆ ಮರಳಿದರು. 1962ರಲ್ಲಿಯೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಶಾಂತಿಯುತ ಪ್ರದರ್ಶನ ಸಂವಿಧಾನದತ್ತ ಹಕ್ಕು, ಮುಷ್ಕರ ಹಾಗಲ್ಲ ಎಂದು ಗೆರೆ ಎಳೆದಿತ್ತು. ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ಹಕ್ಕಿಲ್ಲವೆಂದ ಮಾತ್ರಕ್ಕೆ ಅಹವಾಲು ಇಲ್ಲವೆಂದಾಗದು.

ಅಳದ ಮಗುವಿಗೆ ತಾಯಿಯೂ ಹಾಲೂಡಳು ಎನ್ನುತ್ತಾರೆ. ಅಳಕೂಡದೆಂದು ಕಾನೂನು ಮಾಡಿದ ತಾಯಿಯ ಹೊಣೆ ಏನಾಗಬೇಕು? ಕಾಲಕಾಲಕ್ಕೆ ತಾನಾಗಿಯೇ ಮಗುವಿನ ಹೊಟ್ಟೆ ಮುಟ್ಟಿ ನೋಡಬೇಕಾಗುತ್ತದೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಇಷ್ಟೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿಯೂ ಇದೇ ವಿವೇಕದ ಮಾತನ್ನು ಹೇಳಿದೆ. ವಾಯುಸಂಚಾರ ನಿಯಂತ್ರಣ ನಿಜಾರ್ಥದಲ್ಲಿ ಅಗತ್ಯ ಸೇವೆ. ಅಲ್ಲಿ ಮುಷ್ಕರವನ್ನು ನಿರ್ಬಂಧಿಸಬಹುದು, ನಿಷೇಧಿಸಲೂಬಹುದು. ಆದರೆ ಹಾಗೆ ಮಾಡುವ ಸರ್ಕಾರ ನಿಷ್ಪಕ್ಷಪಾತವಾದ, ಶೀಘ್ರವಾದ ಸಂಧಾನ ಮತ್ತು ಮಧ್ಯಸ್ಥಿಕೆಯ ವ್ಯವಸ್ಥೆಯನ್ನು ಬದಲಾಗಿ ಕೊಡಬೇಕು. ಬಾಗಿಲು ಮುಚ್ಚಿದವನೇ ಕಿಟಕಿ ತೆರೆಯಬೇಕು ಎಂದರ್ಥ.

ಕಿಟಕಿಯೂ ಇಲ್ಲದಿದ್ದರೆ ಏನಾಗುತ್ತದೆ? 2010ರ ಡಿಸೆಂಬರ್ 3ರಂದು ಸ್ಪೇನಿನ ನಿಯಂತ್ರಣಾಧಿಕಾರಿಗಳು 'ಮುಷ್ಕರ' ಎನ್ನಲಿಲ್ಲ. ಸಾಮೂಹಿಕವಾಗಿ 'ಕಾಯಿಲೆ' ಎಂದರು. ಮರುದಿನ ಸರ್ಕಾರ ವಿಶೇಷ ಪರಿಸ್ಥಿತಿ ಘೋಷಿಸಿ ಅವರನ್ನು ಸೈನ್ಯದ ಹಿಡಿತಕ್ಕೆ ಒಪ್ಪಿಸಿತು. ಅಮೆರಿಕೆಯಲ್ಲಿ 35 ದಿನ ಸಂಬಳವಿಲ್ಲದೆ ಕಳೆದ ಮೇಲೆ 2019ರ ಜನವರಿ 25ರಂದು ಬೆರಳೆಣಿಕೆಯ ನಿಯಂತ್ರಣಾಧಿಕಾರಿಗಳು ಕೆಲಸಕ್ಕೆ ಬರಲಿಲ್ಲ. ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣಕ್ಕೆ ವಿಮಾನಗಳನ್ನು ತಡೆಯಬೇಕಾಯಿತು. ಅದೇ ದಿನ ರಾಜಕಾರಣಿಗಳಿಗೆ ಒಪ್ಪಂದ ಸಾಧ್ಯವಾಯಿತು. 2025ರಲ್ಲಿ ಅದೇ ಕಥೆ 43 ದಿನಗಳವರೆಗೆ ಬೆಳೆಯಿತು. ಕಾಯಿಲೆಯ ನೆಪ ಒಳ್ಳೆಯ ದಾರಿಯಲ್ಲ. ಅದು ಸುಳ್ಳನ್ನು ಕಲಿಸುತ್ತದೆ. ನಿಜವಾಗಿ ದಣಿದವನ ಮಾತಿನ ಮೇಲೂ ಅನುಮಾನ ತರಿಸುತ್ತದೆ. ಆದರೆ ನೇರವಾದ ಮಾತಿಗೆ ಕಿವಿಯಿಲ್ಲದ ಕಡೆ ನೆಪಗಳೇ ಮಾತಾಗುತ್ತವೆ.

ಪರರ ಲೋಪಗಳನ್ನೇ ಎಣಿಸಿ ಇಳಿದುಹೋಗುವುದು ನನಗೆ ಶೋಭೆಯಲ್ಲ. ಹಲವು ವರ್ಷಗಳ ಹಿಂದೆ ನಾನೊಂದು ಕಚೇರಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ರಾತ್ರಿಪಾಳಿಯ ನಾಲ್ವತ್ತು ಕೆಳದರ್ಜೆಯ ನೌಕರರು ತಮ್ಮ ಭತ್ಯೆಯ ವಿಷಯವಾಗಿ ಒಂದು ಮನವಿ ಕೊಟ್ಟರು. ವಿನಯವಾದ ಮನವಿ, ಬೆದರಿಕೆಯ ಒಂದು ಪದವೂ ಅದರಲ್ಲಿರಲಿಲ್ಲ. ಬೆದರಿಕೆ ಇರಲಿಲ್ಲವಾದ್ದರಿಂದಲೇ ಅವಸರವೂ ಇರಲಿಲ್ಲ. ನಾನು 'ಪರಿಶೀಲನೆಯಲ್ಲಿದೆ' ಎಂದು ಟಿಪ್ಪಣಿ ಬರೆದೆ. ಒಂದು ಸ್ಪಷ್ಟೀಕರಣ ಕೇಳಿದೆ, ಅದು ಬಂದ ಮೇಲೆ ಇನ್ನೊಂದು ಕೇಳಿದೆ. ಕಡತ ನನ್ನ ಮೇಜಿನ ಮೇಲೆ 14 ತಿಂಗಳು ಮಲಗಿತು. ನಿಯಮಕ್ಕೆ ವಿರುದ್ಧವಾದದ್ದು ಅದರಲ್ಲಿ ಏನೂ ಇರಲಿಲ್ಲ. ಯಾರೂ ನನ್ನನ್ನು ಪ್ರಶ್ನಿಸಲೂ ಇಲ್ಲ.

ಒಂದು ಸಂಜೆ, ಅವರಲ್ಲಿ ಹಿರಿಯರೊಬ್ಬರು, ಇನ್ನು ಎರಡು ವಾರದಲ್ಲಿ ನಿವೃತ್ತರಾಗುವವರು, ನನ್ನ ಕೋಣೆಗೆ ಬಂದು ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ತಮಿಳಿನಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಸಾರ್, ಕೊಡುವುದಿಲ್ಲ ಎಂದಾದರೂ ಹೇಳಿಬಿಡಿ. ಇಲ್ಲ ಎಂದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ." ಅಂದು ರಾತ್ರಿ ನನಗೆ ಬೂಟಿಗೆ ಪಾಲಿಶ್ ಹಾಕುತ್ತಿದ್ದ ನನ್ನ ತಂದೆ ನೆನಪಾದರು. 77 ದಿನ ಉತ್ತರಕ್ಕಾಗಿ ಕಾದವನ ಮಗ ನಾನು. ನಾಲ್ವತ್ತು ಜನರನ್ನು 14 ತಿಂಗಳು ಕಾಯಿಸಿದ್ದೆ. ಕಡತವನ್ನು ಮರುದಿನವೇ ಮೇಲಕ್ಕೆ ಕಳಿಸಿದೆ. ಭತ್ಯೆ ಭಾಗಶಃ ಮಂಜೂರಾಯಿತು. ಆ ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರು ಮುಷ್ಕರದ ಬೆದರಿಕೆ ಹಾಕಿದ್ದರೆ ನಾನು ವಾರದೊಳಗೆ ಎಚ್ಚೆತ್ತಿರುತ್ತಿದ್ದೆ ಎಂಬುದನ್ನು ಇಂದು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕು. ವಿನಯಕ್ಕೆ ಶಿಕ್ಷೆ, ಬೆದರಿಕೆಗೆ ಬಹುಮಾನ. ಇದನ್ನು ಕಲಿಸಿದವರು ನೌಕರರ ನಾಯಕರಲ್ಲ, ಮೇಜಿನ ಈಚೆ ಕುಳಿತ ನನ್ನಂಥವರು.

ಹಾಗಾದರೆ ಮಾಡಬೇಕಾದುದೇನು? ನನ್ನ ಅಲ್ಪಮತಿಗೆ ತೋಚಿದ್ದು ಮೂರು. ಮೊದಲನೆಯದು, ಮುಷ್ಕರ ನಿಷಿದ್ಧವಾದ ಸೇವೆಗಳಲ್ಲಿ ಮನವಿಗೆ ಉತ್ತರ ಕೊಡಲು ಕಾಲಮಿತಿ ಇರಲಿ. 'ಇಲ್ಲ' ಎಂಬ ಉತ್ತರವಾದರೂ ಕಾರಣಸಹಿತವಾಗಿ ಬರಲಿ. ಎರಡನೆಯದು, ಸರ್ಕಾರಿ ನೌಕರರ ವೇತನ, ದುಡಿಮೆಯ ಅವಧಿ, ರಜೆಗಳ ಬಗ್ಗೆ 1966ರ ವ್ಯವಸ್ಥೆಯಲ್ಲಿ ಕಡ್ಡಾಯ ಮಧ್ಯಸ್ಥಿಕೆಗೆ ಎಡೆಯಿದೆ. ಅದರ ತೀರ್ಪನ್ನು ಬದಲಿಸಬೇಕಾದರೆ ಸರ್ಕಾರ ಸಂಸತ್ತಿನ ಮುಂದೆ ಹೋಗಬೇಕು. ಅಂಥದೊಂದು ಬಾಗಿಲು ನಿಯಂತ್ರಣಾಧಿಕಾರಿಗಳಂಥ ನಿಗಮದ ಅಧಿಕಾರಿಗಳಿಗೂ ತೆರೆಯಲಿ. ಮೂರನೆಯದು, ಖಾಲಿ ಹುದ್ದೆಗಳು ತುಂಬಲಿ. ದಣಿದವನಿಗೆ ಭತ್ಯೆ ಹೆಚ್ಚಿಸಿ ಇನ್ನಷ್ಟು ದಣಿಸುವುದು ಸಂಬಳದ ಪ್ರಶ್ನೆಗೆ ಉತ್ತರವಾದೀತು, ಸುರಕ್ಷತೆಯ ಪ್ರಶ್ನೆಗೆ ಆಗದು.

ನೌಕರರ ಮೇಲೂ ಹೊಣೆಯಿದೆ. ಆಕಾಶದಲ್ಲಿರುವ ವಿಮಾನವನ್ನು ನಡುದಾರಿಯಲ್ಲಿ ಕೈಬಿಡುವ ಯಾವ ಹೋರಾಟವೂ ನ್ಯಾಯವಾಗದು. ಕಾಯಕವೆಂಬ ಮಾತನ್ನು ಜಗತ್ತಿಗೆ ಕೊಟ್ಟ ನಾಡಿನವರು ನಾವು. ಆದರೆ ಕಾಯಕದ ಜೊತೆಗೆ ಶರಣರು ದಾಸೋಹವನ್ನೂ ಇಟ್ಟರೆಂಬುದನ್ನು ಮರೆಯಬಾರದು. ದುಡಿಮೆಯನ್ನು ಪೂಜೆಯೆಂದು ಬಣ್ಣಿಸಿ ದುಡಿದವನಿಗೆ ಸಲ್ಲಬೇಕಾದುದನ್ನು ಮುಂದೂಡುವುದು ಆ ಮಾತಿಗೆ ಮಾಡುವ ಅಪಚಾರ.

ಕಡೆಯದಾಗಿ ನಮ್ಮ ಹೊಣೆ. ಹೊರನಾಡಿನಲ್ಲಿ ನೆಲೆಸಿದ ನಾವು ಹಬ್ಬಕ್ಕೆ, ಮದುವೆಗೆ, ಸಾವಿಗೆ ಊರಿನ ಕಡೆ ಹಾರುವವರು. ವಿಮಾನ ತಡವಾದಾಗ ಸಿಡುಕುತ್ತೇವೆ. ಸರಿಯಾದ ವೇಳೆಗೆ ಇಳಿದಾಗ ಯಾರನ್ನೂ ನೆನೆಯುವುದಿಲ್ಲ. 2025ರ ನವೆಂಬರ್ 7ರಂದು ದೆಹಲಿಯಲ್ಲಿ ಸಂದೇಶ ರವಾನೆಯ ವ್ಯವಸ್ಥೆ ಕೆಟ್ಟು, ಹಾರಾಟದ ವಿವರಗಳನ್ನು ಕೈಯಿಂದಲೇ ದಾಖಲಿಸಬೇಕಾಗಿ ಬಂದು, ನೂರಾರು ವಿಮಾನಗಳು ತಡವಾದವು. ತಡವಾಯಿತೆಂಬುದು ದೊಡ್ಡ ಸುದ್ದಿಯಾಯಿತು. ಅಷ್ಟು ಗೊಂದಲದಲ್ಲಿಯೂ ಎರಡು ವಿಮಾನಗಳ ನಡುವಿನ ಅಂತರ ಉಳಿಯಿತೆಂಬುದನ್ನು ಎಷ್ಟು ಜನ ನೆನೆದೆವು? ಗದ್ದಲವಿಲ್ಲದ ದಿನಗಳಲ್ಲಿ ಇವರ ಅಹವಾಲಿಗೆ ಕಿವಿಗೊಡುವ ಸಮಾಜವಿದ್ದರೆ ಗದ್ದಲದ ದಿನ ಬಾರದಿರಲು ಸಾಧ್ಯವಿದೆ.

ಈ ಸಭಾಂಗಣದ ಮೇಲೆ ಈಗಲೂ ಯಾವುದೋ ವಿಮಾನ ಬೆಂಗಳೂರಿನ ಕಡೆಗೋ ಮಂಗಳೂರಿನ ಕಡೆಗೋ ಹೋಗುತ್ತಿರಬಹುದು. ಅದರೊಡನೆ ಇಲ್ಲಿಂದ ಒಂದು ದನಿ ಮಾತಾಡುತ್ತಿದೆ. ಆ ದನಿ ನಿಲ್ಲಬಾರದೆಂದು ನಾವೆಲ್ಲ ಬಯಸುತ್ತೇವೆ. ಹಾಗೆ ಬಯಸುವವರು, ಆ ದನಿ ತನ್ನ ವಿಷಯವಾಗಿ ಆಡುವ ಒಂದೆರಡು ಮಾತುಗಳನ್ನೂ ಕೇಳಿಸಿಕೊಳ್ಳಬೇಕಲ್ಲವೆ?